ಇಪಿ ಸ್ಟಡಿ ಮತ್ತು ಅಬ್ಲೇಶನ್‌ಗೆ ತಯಾರಿ: ಯಾವ ಮಾತ್ರೆ ನಿಲ್ಲಿಸಬೇಕು, ಯಾವುದನ್ನು ಬಿಡಬಾರದು, ಏಕೆ

ಹೃದಯದ ವಿದ್ಯುತ್ ಸಂಕೇತಗಳನ್ನು ಒಳಗಿನಿಂದಲೇ ಅಳೆಯುವ ಇಪಿ ಸ್ಟಡಿಗೆ ದಿನ ಗೊತ್ತಾದವರನ್ನು ಮೊದಲು ಗೊಂದಲಕ್ಕೆ ಕೆಡಹುವುದು ಮಾತ್ರೆಗಳ ಸೂಚನೆ. ಇಷ್ಟು ದಿನ ತಪ್ಪದೆ ನುಂಗಿ ಎನ್ನುತ್ತಿದ್ದ ಬಡಿತದ ಮಾತ್ರೆಯನ್ನೇ ಈಗ ಕೆಲವು ದಿನ ಮುಂಚೆ ನಿಲ್ಲಿಸಿ ಎನ್ನುತ್ತಾರೆ. ಕಾಫಿ ಬೇಡ, ಟೀ ಬೇಡ ಎನ್ನುತ್ತಾರೆ. ರಕ್ತ ತೆಳುವಾಗಿಸುವ ಮಾತ್ರೆಯನ್ನು ಒಬ್ಬರಿಗೆ ನಿಲ್ಲಿಸಲು ಹೇಳಿದರೆ, ಪಕ್ಕದ ಹಾಸಿಗೆಯವರಿಗೆ ಒಂದು ಹೊತ್ತೂ ತಪ್ಪಿಸಬೇಡಿ ಎಂದಿರುತ್ತಾರೆ. ಹಿಂದಿನ ಕಾರಣ ಗೊತ್ತಿಲ್ಲದಿದ್ದರೆ ಇವೆಲ್ಲ ಸುಮ್ಮನೆ ಹೇರಿದ ಕಟ್ಟುಪಾಡುಗಳಂತೆ ಕಾಣುತ್ತವೆ. ಹಾಗೆ ಕಂಡದ್ದನ್ನು ಜನ ಮರೆಯುತ್ತಾರೆ, ಇಲ್ಲವೇ ತಮಗೆ ತೋಚಿದಂತೆ ಬದಲಿಸಿಕೊಳ್ಳುತ್ತಾರೆ.

ಬಹುಪಾಲು ಸೂಚನೆಗಳ ಹಿಂದಿರುವ ಕಾರಣ ಒಂದೇ. ಈ ಪರೀಕ್ಷೆಯಲ್ಲಿ ಕಾಯಿಲೆ ಡಾಕ್ಟರ ಕಣ್ಣೆದುರಿಗೆ ಬರಬೇಕು. ಬಂದರೆ ಅದು ಎಲ್ಲಿಂದ ಹುಟ್ಟುತ್ತದೆ, ಯಾವ ದಾರಿಯಲ್ಲಿ ಸುತ್ತುತ್ತದೆ ಎಂದು ಅಳೆದು, ಆ ಜಾಗವನ್ನು ಅಲ್ಲೇ ನಿಷ್ಕ್ರಿಯಗೊಳಿಸಬಹುದು. ಅಬ್ಲೇಶನ್ ಎನ್ನುವುದು ಇದನ್ನೇ. ಬಾರದೇ ಹೋದರೆ ಎಂಥ ನುರಿತ ತಜ್ಞರಿಗೂ ಮುಟ್ಟಬೇಕಾದ ಜಾಗ ಖಚಿತವಾಗಿ ಗೊತ್ತಾಗುವುದಿಲ್ಲ. ಮಾತ್ರೆ, ಕಾಫಿ, ಮಂಪರಿನ ಪ್ರಮಾಣ ಎಲ್ಲವನ್ನೂ ಈ ಒಂದು ಅಗತ್ಯ ನಿರ್ಧರಿಸುತ್ತದೆ. ರಕ್ತ ತೆಳುವಾಗಿಸುವ ಮಾತ್ರೆಯ ಲೆಕ್ಕ ಮಾತ್ರ ಬೇರೆ, ಅದಕ್ಕೆ ಮುಂದೆ ಬರೋಣ.

ಒಳಗೆ ಏನನ್ನು ಅಳೆಯುತ್ತಾರೆ

ಎದೆಯ ಮೇಲೆ ಅಂಟಿಸುವ ಇಸಿಜಿ ಹೃದಯದ ವಿದ್ಯುತ್ತನ್ನು ಹೊರಗಿನಿಂದ ನೋಡುತ್ತದೆ. ಸಂಕೇತ ಹುಟ್ಟುವುದು ಹೃದಯದ ಮೇಲಿನ ಕೋಣೆಗಳಲ್ಲೊಂದಾದ ಬಲ ಹೃತ್ಕರ್ಣದ ಮೇಲ್ಭಾಗದ ಸೈನಸ್ ನೋಡ್‌ನಲ್ಲಿ. ಅದು ಎರಡೂ ಹೃತ್ಕರ್ಣಗಳಿಗೆ ಹರಡಿ, ನಡುವಿನ ಎವಿ ನೋಡ್‌ನಲ್ಲಿ ತುಸು ತಡೆದು, ಹಿಸ್ ಬಂಡಲ್ ಎಂಬ ತೆಳ್ಳನೆಯ ಎಳೆಯ ಮೂಲಕ ಕೆಳಗಿನ ಕೋಣೆಗಳಾದ ಹೃತ್ಕುಕ್ಷಿಗಳಿಗೆ ಇಳಿಯುತ್ತದೆ. ಹಿಸ್ ಬಂಡಲ್‌ನ ಸಂಕೇತ ಎಷ್ಟು ಸಣ್ಣದೆಂದರೆ ಸಾಮಾನ್ಯ ಇಸಿಜಿಯಲ್ಲಿ ಅದು ಕಾಣುವುದೇ ಇಲ್ಲ. 1969ರಲ್ಲಿ ಬೆಂಜಮಿನ್ ಶೆರ್ಲಾಗ್ ಮತ್ತು ಸಂಗಡಿಗರು ರಕ್ತನಾಳದ ಮೂಲಕ ಕ್ಯಾಥೆಟರ್ ಎಂಬ ತೆಳ್ಳನೆಯ ನಳಿಕೆಯನ್ನು ಒಯ್ದು ಅದನ್ನು ದಾಖಲಿಸುವ ವಿಧಾನ ಪ್ರಕಟಿಸಿದರು. ಇಂದಿನ ಇಪಿ ಸ್ಟಡಿ ನಿಂತಿರುವುದು ಆ ಅಡಿಪಾಯದ ಮೇಲೆ.

ತೊಡೆಸಂದಿನ ಅಭಿಧಮನಿಯ ಮೂಲಕ ಸಾಮಾನ್ಯವಾಗಿ ಎರಡರಿಂದ ನಾಲ್ಕು ಕ್ಯಾಥೆಟರ್‌ಗಳನ್ನು ಒಳಗೆ ಕಳಿಸುತ್ತಾರೆ. ಇವುಗಳ ದಪ್ಪವನ್ನು ಫ್ರೆಂಚ್ ಎಂಬ ಅಳತೆಯಲ್ಲಿ ಹೇಳುವುದು ರೂಢಿ. ಮೂರು ಫ್ರೆಂಚ್ ಅಂದರೆ ಒಂದು ಮಿಲಿಮೀಟರ್, ಹಾಗಾಗಿ 6 ಫ್ರೆಂಚ್ ಕ್ಯಾಥೆಟರ್ 2 ಮಿಲಿಮೀಟರ್ ದಪ್ಪ. ಒಂದರ ತುದಿ ಬಲ ಹೃತ್ಕರ್ಣದಲ್ಲಿ, ಇನ್ನೊಂದು ಹಿಸ್ ಬಂಡಲ್ ಬಳಿ, ಮತ್ತೊಂದು ಬಲ ಹೃತ್ಕುಕ್ಷಿಯಲ್ಲಿ, ಮಗದೊಂದು ಹೃದಯದ ಹಿಂಬದಿಯ ಕರೋನರಿ ಸೈನಸ್ ಎಂಬ ಅಭಿಧಮನಿಯಲ್ಲಿ ಕೂರುತ್ತದೆ. ಹಿಸ್ ಬಂಡಲ್‌ನಿಂದ ಹೃತ್ಕುಕ್ಷಿಗೆ ಸಂಕೇತ ತಲುಪಲು 35ರಿಂದ 55 ಮಿಲಿಸೆಕೆಂಡ್ ಹಿಡಿಯುವುದು ಸಹಜ. ಇಸಿಜಿಯಲ್ಲಿ ಬಂಡಲ್ ಬ್ರಾಂಚ್ ಬ್ಲಾಕ್ (ಹಿಸ್ ಬಂಡಲ್‌ನ ಕವಲಿನಲ್ಲಿ ತಡೆ) ಇದ್ದು, ಕಾರಣ ತಿಳಿಯದೆ ಮೂರ್ಛೆ ಹೋಗುತ್ತಿರುವವರಲ್ಲಿ ಇದು 70 ಮಿಲಿಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಪೇಸ್‌ಮೇಕರ್ ಬೇಕೇ ಎಂಬ ಪ್ರಶ್ನೆ ಏಳುತ್ತದೆ. ಅಂದರೆ ಈ ಪರೀಕ್ಷೆ ವೇಗದ ಬಡಿತಕ್ಕೆ ಮಾತ್ರವಲ್ಲ, ನಿಧಾನವಾಗಿ ಕೈಕೊಡುವ ಬಡಿತಕ್ಕೂ ಉಪಯೋಗಕ್ಕೆ ಬರುತ್ತದೆ.

ಇನ್ನು ಬಡಿತವನ್ನು ಕೆರಳಿಸುವ ಭಾಗ. ಕ್ಯಾಥೆಟರ್ ಮೂಲಕ ಒಂದೇ ಅಂತರದಲ್ಲಿ ಎಂಟು ಬಡಿತ ಕೊಟ್ಟು, ಒಂಬತ್ತನೆಯದನ್ನು ತುಸು ಬೇಗ ಕೊಡುತ್ತಾರೆ. ಮುಂದಿನ ಸಲ ಅದನ್ನು ಇನ್ನೂ 10 ಮಿಲಿಸೆಕೆಂಡ್ ಮುಂಚೆ, ಅದರ ಮುಂದಿನ ಸಲ ಮತ್ತೂ 10 ಮುಂಚೆ. ವೇಗದ ಬಡಿತದ ಕಾಯಿಲೆಗಳಲ್ಲಿ ಹೆಚ್ಚು ಕಾಣುವ ಎವಿಎನ್ಆರ್‌ಟಿ ಇರುವವರಲ್ಲಿ ಎವಿ ನೋಡ್‌ಗೆ ಎರಡು ದಾರಿಗಳಿರುತ್ತವೆ. ಒಂದು ವೇಗದ್ದು, ಆದರೆ ಒಂದು ಬಡಿತ ದಾಟಿದ ಮೇಲೆ ಚೇತರಿಸಿಕೊಳ್ಳಲು ಹೆಚ್ಚು ಹೊತ್ತು ಬೇಕು. ಇನ್ನೊಂದು ನಿಧಾನದ್ದು, ಬೇಗ ಚೇತರಿಸಿಕೊಳ್ಳುತ್ತದೆ. ಸಾಕಷ್ಟು ಬೇಗ ಬಂದ ಬಡಿತಕ್ಕೆ ವೇಗದ ದಾರಿ ಮುಚ್ಚಿರುತ್ತದೆ, ಅದು ನಿಧಾನದ ದಾರಿ ಹಿಡಿಯುತ್ತದೆ. ಆಗ ಪರದೆಯ ಮೇಲೆ ಒಂದು ಜಿಗಿತ ಕಾಣುತ್ತದೆ: ಬಡಿತವನ್ನು ಕೇವಲ 10 ಮಿಲಿಸೆಕೆಂಡ್ ಮುಂಚೆ ಕೊಟ್ಟದ್ದಕ್ಕೆ, ಹಿಸ್ ಬಂಡಲ್‌ಗೆ ಸಂಕೇತ ತಲುಪುವುದು 50 ಮಿಲಿಸೆಕೆಂಡ್ ಅಥವಾ ಇನ್ನೂ ಹೆಚ್ಚು ತಡವಾಗುತ್ತದೆ. ಅಷ್ಟು ತಡವಾಗಿ ಕೆಳಗೆ ತಲುಪುವ ಹೊತ್ತಿಗೆ ವೇಗದ ದಾರಿ ಮತ್ತೆ ತೆರೆದಿರುತ್ತದೆ. ಸಂಕೇತ ಅದರಲ್ಲಿ ಮೇಲಕ್ಕೆ ಹತ್ತಿ, ಮತ್ತೆ ನಿಧಾನದ ದಾರಿಯಲ್ಲಿ ಇಳಿದು, ಸುತ್ತತೊಡಗುತ್ತದೆ. ಒಂದು ಸುತ್ತಿಗೆ 300 ಮಿಲಿಸೆಕೆಂಡ್ ಹಿಡಿದರೆ ನಿಮಿಷಕ್ಕೆ 200 ಬಡಿತ. ಮನೆಯಲ್ಲಿ ಕೂತಲ್ಲೇ ಇದ್ದಕ್ಕಿದ್ದಂತೆ ಶುರುವಾಗಿ ಇದ್ದಕ್ಕಿದ್ದಂತೆ ನಿಲ್ಲುತ್ತಿದ್ದದ್ದು ಇದೇ.

ಡಬ್ಲ್ಯುಪಿಡಬ್ಲ್ಯು ಎಂದು ಕರೆಯುವ ಸ್ಥಿತಿಯಲ್ಲಿ ಎರಡನೆಯ ದಾರಿ ಎವಿ ನೋಡ್‌ನಲ್ಲಿರದೆ, ಹೃತ್ಕರ್ಣ ಮತ್ತು ಹೃತ್ಕುಕ್ಷಿಯ ನಡುವೆ ಹುಟ್ಟಿನಿಂದಲೇ ಉಳಿದುಬಂದ ಸ್ನಾಯುವಿನ ಎಳೆಯಾಗಿರುತ್ತದೆ. ಹೃತ್ಕರ್ಣ ಒಂದೇ ಲಯದಲ್ಲಿ ಅತಿ ವೇಗವಾಗಿ ಬಡಿಯುವ ಏಟ್ರಿಯಲ್ ಫ್ಲಟರ್‌ನ ಸಾಮಾನ್ಯ ರೂಪದಲ್ಲಿ ಸುತ್ತು ಬಲ ಹೃತ್ಕರ್ಣದ ಕವಾಟದ ಅಂಚಿನ ಗುಂಟ ನಡೆಯುತ್ತದೆ. ಹೃತ್ಕರ್ಣ ಲಯ ತಪ್ಪಿ ಅದುರುವ ಏಟ್ರಿಯಲ್ ಫಿಬ್ರಿಲೇಶನ್ ಬೇರೆ ಜಾತಿಯದು. ಅದನ್ನು ಹೊತ್ತಿಸುವ ಕಿಡಿಗಳು ಬಹುಪಾಲು ಶ್ವಾಸಕೋಶದಿಂದ ಎಡ ಹೃತ್ಕರ್ಣಕ್ಕೆ ಬರುವ ಅಭಿಧಮನಿಗಳಲ್ಲಿ ಹುಟ್ಟುತ್ತವೆ ಎಂದು ಫ್ರಾನ್ಸಿನ ಬೋರ್ಡೊದ ಮಿಶೆಲ್ ಹೈಸಗೆರ್ ತಂಡ 1998ರಲ್ಲಿ ತೋರಿಸಿತು. ಆದ್ದರಿಂದ ಅಲ್ಲಿ ಬಡಿತವನ್ನು ಕೆರಳಿಸಿ ಹುಡುಕುವುದಕ್ಕಿಂತ, ಆ ನಾಲ್ಕು ಅಭಿಧಮನಿಗಳ ಬಾಯಿಯ ಸುತ್ತ ಗೆರೆ ಎಳೆದು ಪ್ರತ್ಯೇಕಿಸುವುದೇ ಮುಖ್ಯ ಕೆಲಸ. ನಿಮಗೆ ಯಾವುದಕ್ಕಾಗಿ ಮಾಡುತ್ತಿದ್ದಾರೆ ಎಂಬುದನ್ನು ಹೆಸರು ಹಿಡಿದು ಕೇಳಿ ತಿಳಿದುಕೊಳ್ಳಿ. ತಯಾರಿ ಬದಲಾಗುವುದು ಅದರ ಮೇಲೆ.

ಬಡಿತದ ಮಾತ್ರೆಗಳು

ಯಾವುದೇ ಔಷಧಿಯ ಪ್ರಮಾಣ ರಕ್ತದಲ್ಲಿ ಅರ್ಧಕ್ಕಿಳಿಯಲು ಹಿಡಿಯುವ ಸಮಯವನ್ನು ಅರ್ಧಾಯುಷ್ಯ ಎನ್ನುತ್ತಾರೆ. ಐದು ಅರ್ಧಾಯುಷ್ಯ ಕಳೆದರೆ ಶೇಕಡಾ 3ರಷ್ಟು ಮಾತ್ರ ಉಳಿದಿರುತ್ತದೆ. ನಿಲ್ಲಿಸುವ ದಿನಗಳ ಲೆಕ್ಕ ಬರುವುದು ಇಲ್ಲಿಂದ. ಸೊಟಲಾಲ್‌ನ ಅರ್ಧಾಯುಷ್ಯ ಸುಮಾರು 12 ಗಂಟೆ, ಹಾಗಾಗಿ ಎರಡೂವರೆ ದಿನ ಬೇಕು. ಫ್ಲೆಕೈನೈಡ್‌ನದು ಸರಾಸರಿ 20 ಗಂಟೆ, ನಾಲ್ಕು ದಿನಕ್ಕಿಂತ ಹೆಚ್ಚು ಬೇಕು. ಮೆಟೊಪ್ರೊಲಾಲ್, ವೆರಾಪಮಿಲ್, ಡಿಲ್ಟಿಯಾಜೆಮ್ ಇನ್ನೂ ಬೇಗ ಇಳಿಯುತ್ತವೆ. ಮೂತ್ರಪಿಂಡ ದುರ್ಬಲವಾಗಿದ್ದರೆ ಸೊಟಲಾಲ್ ಹೆಚ್ಚು ದಿನ ಉಳಿಯುತ್ತದೆ. ಸುರಕ್ಷತೆಗಾಗಿ ಒಂದೆರಡು ದಿನ ಸೇರಿಸಿ ಮೂರರಿಂದ ಐದು ದಿನ ಎಂದು ಹೇಳುವುದು ಹೆಚ್ಚಿನ ಕಡೆಯ ರೂಢಿ. ಅಮಿಯೋಡರೋನ್ ಈ ಲೆಕ್ಕಕ್ಕೆ ಸಿಗುವುದಿಲ್ಲ. ಅದು ಮೈಯ ಕೊಬ್ಬಿನಲ್ಲಿ ಸೇರಿಕೊಂಡು ವಾರಗಟ್ಟಲೆ, ತಿಂಗಳುಗಟ್ಟಲೆ ಉಳಿಯುತ್ತದೆ. ನಾಲ್ಕು ದಿನ ಬಿಟ್ಟರೆ ಏನೂ ಬದಲಾಗುವುದಿಲ್ಲ. ಹಿಂದೆಂದೋ ನುಂಗುತ್ತಿದ್ದು ಈಗ ಬಿಟ್ಟಿದ್ದರೂ ಆ ವಿಷಯವನ್ನು ಹೇಳಲೇಬೇಕು.

ನಿಲ್ಲಿಸುವ ತೀರ್ಮಾನ ಮಾತ್ರ ನಿಮ್ಮದಲ್ಲ. ಬೀಟಾ ಬ್ಲಾಕರ್ ಗುಂಪಿನ ಮಾತ್ರೆಯನ್ನು ಬಹುಕಾಲ ನುಂಗಿ ಥಟ್ಟನೆ ಬಿಟ್ಟರೆ ನಾಡಿ, ರಕ್ತದೊತ್ತಡ ಎರಡೂ ಏರಬಹುದು. ಹೃದಯದ ರಕ್ತನಾಳ ಕಿರಿದಾಗಿರುವವರಿಗೆ ಎದೆನೋವು ಮರುಕಳಿಸಬಹುದು. ಅದಕ್ಕಾಗಿ ಕೆಲವರಿಗೆ ಪ್ರಮಾಣವನ್ನು ಹಂತಹಂತವಾಗಿ ಇಳಿಸುತ್ತಾರೆ. ಬಡಿತ ಏರಿದಾಗ ಮೂರ್ಛೆ ಹೋದವರು, ಹೃತ್ಕುಕ್ಷಿಯಿಂದ ಹುಟ್ಟುವ ವೇಗದ ಬಡಿತ ಇರುವವರು, ಹೃದಯದ ಸಾಮರ್ಥ್ಯ ಕುಗ್ಗಿದವರು ಮನೆಯಲ್ಲಿದ್ದುಕೊಂಡು ಮಾತ್ರೆ ಬಿಡುವುದು ಅಪಾಯ. ಅಂಥವರನ್ನು ಮುಂಚಿತವಾಗಿ ದಾಖಲಿಸಿಕೊಂಡು ಮಾನಿಟರ್ ನಿಗಾದಲ್ಲಿ ಮಾತ್ರೆ ನಿಲ್ಲಿಸುತ್ತಾರೆ, ಇಲ್ಲವೇ ಮಾತ್ರೆ ನಡೆಯುತ್ತಿರುವಾಗಲೇ ಪರೀಕ್ಷೆ ಮಾಡುತ್ತಾರೆ. ಏಟ್ರಿಯಲ್ ಫಿಬ್ರಿಲೇಶನ್‌ಗೆ ಅಬ್ಲೇಶನ್ ಆಗುವವರಿಗೆ ಹಲವೊಮ್ಮೆ ಮಾತ್ರೆ ನಿಲ್ಲಿಸುವ ಅಗತ್ಯವೇ ಇರುವುದಿಲ್ಲ. ಕಾರಣ ಮೇಲೆ ಹೇಳಿದ್ದೇ, ಅಲ್ಲಿ ಕೆರಳಿಸಿ ಹುಡುಕುವ ಕೆಲಸ ಕಡಿಮೆ.

ಮಾತ್ರೆ ಬಿಟ್ಟ ದಿನಗಳಲ್ಲಿ ವೇಗದ ಬಡಿತ ಬಂದರೆ ಏನು ಮಾಡಬೇಕು ಎಂದು ಮೊದಲೇ ಕೇಳಿಟ್ಟುಕೊಳ್ಳಿ. ಎವಿಎನ್ಆರ್‌ಟಿಯಂಥ ಬಡಿತಕ್ಕೆ ಒಂದು ಉಪಾಯ ಚೆನ್ನಾಗಿ ಕೆಲಸ ಮಾಡುತ್ತದೆ. ಅರೆ ಕೂತ ಭಂಗಿಯಲ್ಲಿ 10 ಮಿಲಿಲೀಟರ್ ಸಿರಿಂಜಿನ ತುದಿಗೆ ಬಾಯಿಟ್ಟು, ಒಳಗಿನ ದಂಡ ಸರಿಯುವಷ್ಟು ಬಲವಾಗಿ 15 ಸೆಕೆಂಡ್ ಊದಬೇಕು. ಊದಿದ ಕೂಡಲೇ ಅಂಗಾತ ಮಲಗಬೇಕು, ಇನ್ನೊಬ್ಬರು ಎರಡೂ ಕಾಲುಗಳನ್ನು 45 ಡಿಗ್ರಿ ಎತ್ತಿ 15 ಸೆಕೆಂಡ್ ಹಿಡಿಯಬೇಕು. 2015ರಲ್ಲಿ ಪ್ರಕಟವಾದ ಒಂದು ದೊಡ್ಡ ಪ್ರಯೋಗದಲ್ಲಿ ಹೀಗೆ ಮಾಡಿದವರಲ್ಲಿ ಶೇಕಡಾ 43 ಮಂದಿಗೆ ಬಡಿತ ಸಹಜಕ್ಕೆ ಮರಳಿತು. ಕಾಲೆತ್ತದೆ ಬರೀ ಊದಿದವರಲ್ಲಿ ಅದು ಶೇಕಡಾ 17 ಮಾತ್ರ. ಬಡಿತದ ಜೊತೆ ಎದೆನೋವು, ಕಣ್ಣುಕತ್ತಲೆ, ಉಸಿರುಗಟ್ಟುವಿಕೆ ಇದ್ದರೆ ಉಪಾಯಗಳಲ್ಲಿ ಹೊತ್ತು ಕಳೆಯದೆ ತುರ್ತು ಚಿಕಿತ್ಸೆಗೆ ಹೋಗಬೇಕು. ಹೋದಲ್ಲಿ ಇಂಜೆಕ್ಷನ್ ಕೊಡುವ ಮೊದಲು ಹನ್ನೆರಡು ಲೀಡ್‌ನ ಇಸಿಜಿ ತೆಗೆಸಿಕೊಳ್ಳಿ. ಆ ಒಂದು ಹಾಳೆ ಮುಂದೆ ಪರೀಕ್ಷೆಯಲ್ಲಿ ಗಂಟೆಗಟ್ಟಲೆ ಹುಡುಕಾಟ ಉಳಿಸಬಲ್ಲದು.

ಕಾಫಿ, ಟೀ, ಕೋಲಾಗಳನ್ನು 12ರಿಂದ 24 ಗಂಟೆ ಮುಂಚೆ ಬಿಡಿಸುವುದಕ್ಕೂ ಕಾರಣವಿದೆ. ಪರೀಕ್ಷೆಯ ನಡುವೆ ಅಡಿನೋಸಿನ್ ಎಂಬ ಔಷಧಿಯನ್ನು ನರಕ್ಕೆ ಕೊಟ್ಟು ಎವಿ ನೋಡನ್ನು ಕೆಲವು ಸೆಕೆಂಡ್ ತಡೆದು, ಬೇರೆ ದಾರಿ ಇದೆಯೇ ಎಂದು ನೋಡುವುದುಂಟು. ಕೆಫೀನ್ ಆ ಔಷಧಿ ಕೂರಬೇಕಾದ ಜಾಗದಲ್ಲಿ ತಾನು ಕೂತುಬಿಡುತ್ತದೆ. ಉಬ್ಬಸಕ್ಕೆ ಕೊಡುವ ಥಿಯೋಫಿಲಿನ್ ಕೂಡ ಹಾಗೆಯೇ. ಉಬ್ಬಸ ಇರುವವರು ಅದನ್ನು ತಪ್ಪದೆ ತಿಳಿಸಬೇಕು, ಏಕೆಂದರೆ ಅಡಿನೋಸಿನ್ ಶ್ವಾಸನಾಳವನ್ನು ಬಿಗಿಸಬಲ್ಲದು.

ರಕ್ತ ತೆಳುವಾಗಿಸುವ ಮಾತ್ರೆಗಳು

ಜನ ಅತಿ ಹೆಚ್ಚು ಎಡವುವುದು ಇಲ್ಲಿ. ಶಸ್ತ್ರಚಿಕಿತ್ಸೆ ಎಂದರೆ ರಕ್ತ ತೆಳುವಾಗಿಸುವ ಮಾತ್ರೆ ನಿಲ್ಲಿಸಬೇಕು ಎಂಬ ಹಳೆಯ ತಿಳಿವಳಿಕೆ ತಲೆಯಲ್ಲಿರುತ್ತದೆ, ಯಾರೂ ಹೇಳದಿದ್ದರೂ ತಾವೇ ಮೂರು ದಿನ ಬಿಟ್ಟು ಬಂದಿರುತ್ತಾರೆ. ಏಟ್ರಿಯಲ್ ಫಿಬ್ರಿಲೇಶನ್ ಅಬ್ಲೇಶನ್‌ನಲ್ಲಿ ಇದು ಇಡೀ ಕಾರ್ಯಕ್ರಮವನ್ನೇ ಮುಂದೂಡಿಸಬಹುದು. ಆ ಕಾಯಿಲೆಯಲ್ಲಿ ಎಡ ಹೃತ್ಕರ್ಣದ ಚಿಕ್ಕ ಚೀಲದಂಥ ಭಾಗದಲ್ಲಿ ರಕ್ತ ನಿಂತು ಹೆಪ್ಪುಗಟ್ಟುತ್ತದೆ. ಹೆಪ್ಪು ಇರುವಾಗ ಅಲ್ಲಿ ಕ್ಯಾಥೆಟರ್ ಆಡಿಸಿದರೆ ಅದು ಕಳಚಿ ಮೆದುಳಿಗೆ ಹೋಗಿ ಪಾರ್ಶ್ವವಾಯು ಆಗಬಹುದು. ಅದಕ್ಕೇ ಕನಿಷ್ಠ ಮೂರು ವಾರ ಒಂದೂ ಹೊತ್ತು ತಪ್ಪದೆ ಮಾತ್ರೆ ನುಂಗಿರಬೇಕು ಎನ್ನುವುದು. ಅನುಮಾನವಿದ್ದರೆ ಅನ್ನನಾಳದ ಮೂಲಕ ಎಕೋ ಮಾಡಿಯೋ ಸಿಟಿ ಸ್ಕ್ಯಾನ್ ಮಾಡಿಯೋ ಹೆಪ್ಪು ಇಲ್ಲವೆಂದು ಖಚಿತಪಡಿಸಿಕೊಳ್ಳುತ್ತಾರೆ. ಇದ್ದರೆ ಅಂದು ಅಬ್ಲೇಶನ್ ಇಲ್ಲ.

ವಾರ್ಫರಿನ್ ನುಂಗುವವರಲ್ಲಿ ರಕ್ತ ಎಷ್ಟು ತೆಳುವಾಗಿದೆ ಎಂದು ತೋರಿಸುವ ಐಎನ್ಆರ್ 2ರಿಂದ 3ರ ನಡುವೆ ಇರುವಂತೆ ನೋಡಿಕೊಂಡು, ನಿಲ್ಲಿಸದೆ ಮಾಡುವುದು ಈಗಿನ ಪದ್ಧತಿ. ಎಪಿಕ್ಸಬಾನ್, ರಿವರೊಕ್ಸಬಾನ್, ಡಬಿಗಟ್ರಾನ್ ನುಂಗುವವರಿಗೆ ಕೆಲವು ಕಡೆ ಒಂದೂ ಹೊತ್ತು ಬಿಡಿಸುವುದಿಲ್ಲ, ಕೆಲವು ಕಡೆ ಆ ಬೆಳಗಿನ ಒಂದು ಮಾತ್ರೆ ಮಾತ್ರ ಬಿಡಿಸುತ್ತಾರೆ. ಕ್ಯಾಥೆಟರ್ ಎಡಭಾಗದಲ್ಲಿರುವಷ್ಟು ಹೊತ್ತೂ ಹೆಪ್ಪುಗಟ್ಟದಂತೆ ತಡೆಯುವ ಹೆಪರಿನ್ ಕೊಟ್ಟು, ರಕ್ತ ಹೆಪ್ಪುಗಟ್ಟುವ ಸಮಯ 300 ಸೆಕೆಂಡ್‌ಗಿಂತ ಮೇಲಿರುವಂತೆ ಮತ್ತೆ ಮತ್ತೆ ಅಳೆಯುತ್ತಾರೆ. ಬಲಭಾಗಕ್ಕೆ ಸೀಮಿತವಾದ ಸಾಮಾನ್ಯ ಇಪಿ ಸ್ಟಡಿಯಲ್ಲಿ ಈ ಹೆಪ್ಪಿನ ಭಯ ಅಷ್ಟಿಲ್ಲ, ತೊಡೆಸಂದಿನ ರಕ್ತಸ್ರಾವವೇ ಹೆಚ್ಚಿನ ಚಿಂತೆ. ಅದಕ್ಕೇ ಅಂಥವರಿಗೆ ಬೇರೆ ಸೂಚನೆ ಇರಬಹುದು. ಸೂಚನೆಯನ್ನು ಬರಹದಲ್ಲಿ ಪಡೆಯಿರಿ: ಯಾವ ಮಾತ್ರೆ, ಕೊನೆಯದಾಗಿ ಯಾವ ದಿನ, ಎಷ್ಟು ಗಂಟೆಗೆ. ನಡುವೆ ಒಂದು ಹೊತ್ತು ಮರೆತಿದ್ದರೆ ಮುಚ್ಚಿಡದೆ ಹೇಳಿ. ಹೇಳಿದರೆ ಒಂದು ಎಕೋ ಹೆಚ್ಚಾಗುತ್ತದೆ ಅಷ್ಟೆ.

ಸಕ್ಕರೆ ಕಾಯಿಲೆ ಮತ್ತು ಉಪವಾಸ

ಘನ ಆಹಾರ ನಿಲ್ಲಿಸಿ ಕನಿಷ್ಠ ಆರು ಗಂಟೆ, ತಿಳಿ ನೀರು ನಿಲ್ಲಿಸಿ ಎರಡು ಗಂಟೆ ಆಗಿರಬೇಕು ಎನ್ನುವುದು ಅರಿವಳಿಕೆ ತಜ್ಞರ ಸಾಮಾನ್ಯ ನಿಯಮ. ನಿಮ್ಮ ಆಸ್ಪತ್ರೆ ಮಧ್ಯರಾತ್ರಿಯಿಂದ ಎಂದರೆ ಹಾಗೇ ಪಾಲಿಸಿ, ಏಕೆಂದರೆ ಪಟ್ಟಿಯಲ್ಲಿ ನಿಮ್ಮ ಸರದಿ ಹಿಂದೆ ಮುಂದೆ ಆಗಬಹುದು. ಹೊಟ್ಟೆಯಲ್ಲಿ ಆಹಾರ ಇರುವಾಗ ಮಂಪರು ಕೊಟ್ಟರೆ ಅದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ಬೆಳಿಗ್ಗೆ ನುಂಗಲು ಹೇಳಿದ ಮಾತ್ರೆಗಳಿಗೆ ಒಂದು ಗುಟುಕು ನೀರು ಸಾಕು.

ಸಕ್ಕರೆ ಕಾಯಿಲೆಯವರ ಮಾತ್ರೆಗಳಲ್ಲಿ ಎಂಪಾಗ್ಲಿಫ್ಲೋಜಿನ್, ಡಪಾಗ್ಲಿಫ್ಲೋಜಿನ್ ಇದ್ದರೆ ಮೂರು ದಿನ ಮುಂಚೆಯೇ ನಿಲ್ಲಿಸುವಂತೆ ಹೇಳುತ್ತಾರೆ. ಉಪವಾಸದಲ್ಲಿ ಇವು ರಕ್ತವನ್ನು ಆಮ್ಲೀಯಗೊಳಿಸುವ ಕೀಟೊಅಸಿಡೋಸಿಸ್ ತರಬಲ್ಲವು, ಅದೂ ಸಕ್ಕರೆ ಸಹಜವಾಗಿ ಕಾಣುತ್ತಿರುವಾಗಲೇ. ಇವನ್ನು ಹೃದಯ ವೈಫಲ್ಯಕ್ಕೂ ಕೊಡುತ್ತಾರೆ, ಹಾಗಾಗಿ ಸಕ್ಕರೆ ಕಾಯಿಲೆ ಇಲ್ಲದವರೂ ತಮ್ಮ ಪಟ್ಟಿಯಲ್ಲಿ ಇವಿದೆಯೇ ನೋಡಿಕೊಳ್ಳಬೇಕು. ಊಟದ ಹೊತ್ತಿನ ಇನ್ಸುಲಿನ್ ಉಪವಾಸದಲ್ಲಿ ಬೇಡ. ಇಡೀ ದಿನ ಕೆಲಸ ಮಾಡುವ ಇನ್ಸುಲಿನ್ ಅನ್ನು ಪೂರ್ತಿ ಬಿಡಬಾರದು, ಪ್ರಮಾಣ ಎಷ್ಟು ಇಳಿಸಬೇಕೆಂದು ಕೇಳಿ. ತೂಕ ಇಳಿಸಲು ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಸೆಮಾಗ್ಲುಟೈಡ್‌ನಂಥ ಇಂಜೆಕ್ಷನ್ ಜಠರ ಖಾಲಿಯಾಗುವುದನ್ನು ನಿಧಾನಿಸುತ್ತದೆ. ಆರು ಗಂಟೆ ಉಪವಾಸವಿದ್ದರೂ ಹೊಟ್ಟೆಯಲ್ಲಿ ಆಹಾರ ಉಳಿದಿರಬಹುದು, ಆದ್ದರಿಂದ ಅರಿವಳಿಕೆ ತಜ್ಞರಿಗೆ ಅದು ಗೊತ್ತಿರಬೇಕು.

ಮುನ್ನಾದಿನ, ಚೀಲದೊಳಗೆ

ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್, ಪ್ಲೇಟ್‌ಲೆಟ್, ಕ್ರಿಯಾಟಿನಿನ್, ಪೊಟ್ಯಾಸಿಯಂ, ರಕ್ತದ ಗುಂಪು ನೋಡುತ್ತಾರೆ. ಪೊಟ್ಯಾಸಿಯಂ ಕಡಿಮೆ ಇದ್ದರೆ ಹೃತ್ಕುಕ್ಷಿ ಅನಗತ್ಯವಾಗಿ ಕೆರಳುತ್ತದೆ, ಸರಿಪಡಿಸಿಯೇ ಮುಂದುವರಿಯುತ್ತಾರೆ. ವಾಂತಿ ಭೇದಿ ಆಗಿದ್ದರೆ, ಜ್ವರ ಬಂದಿದ್ದರೆ, ತೊಡೆಸಂದಿನಲ್ಲಿ ಗಾಯ ಅಥವಾ ಹುಳುಕಡ್ಡಿ ಇದ್ದರೆ ಹೊರಡುವ ಮೊದಲೇ ಫೋನ್ ಮಾಡಿ ತಿಳಿಸಿ. ಗರ್ಭಿಣಿಯಾಗಿರುವ ಸಾಧ್ಯತೆ ಇದ್ದರೂ ಹೇಳಬೇಕು, ಎಕ್ಸ್-ರೇ ಬಳಕೆ ಇರುತ್ತದೆ. ತೊಡೆಸಂದಿನ ಕೂದಲನ್ನು ಮನೆಯಲ್ಲಿ ರೇಜರ್‌ನಿಂದ ಬೋಳಿಸಿಕೊಳ್ಳಬೇಡಿ. ಕಣ್ಣಿಗೆ ಕಾಣದ ಗೀರುಗಳು ಬಿದ್ದು ಸೋಂಕಿಗೆ ದಾರಿಯಾಗುತ್ತದೆ, ಆಸ್ಪತ್ರೆಯಲ್ಲಿ ಕ್ಲಿಪ್ಪರ್‌ನಿಂದ ಕತ್ತರಿಸುತ್ತಾರೆ. ಉಗುರುಬಣ್ಣ ತೆಗೆಯಿರಿ, ಬೆರಳಿಗೆ ಹಾಕುವ ಆಮ್ಲಜನಕದ ಮಾಪಕ ತಪ್ಪು ತೋರಿಸಬಹುದು. ಒಡವೆಗಳನ್ನು ಮನೆಯಲ್ಲೇ ಬಿಟ್ಟು ಬನ್ನಿ.

ಚೀಲದಲ್ಲಿ ಇರಲೇಬೇಕಾದದ್ದು ಬಡಿತ ಏರಿದಾಗ ತೆಗೆದ ಇಸಿಜಿ. ಹಳೆಯದಾದರೂ, ಅಂಚು ಹರಿದಿದ್ದರೂ ತನ್ನಿ. ಸ್ಮಾರ್ಟ್‌ವಾಚ್‌ನಲ್ಲಿ ದಾಖಲಾದ ಗೆರೆಯಿದ್ದರೆ ಅದನ್ನು ಮುದ್ರಿಸಿಕೊಳ್ಳಿ. ಇಸಿಜಿ ಕಾಗದದ ಮೇಲಿನ ಗೆರೆ ಕಾಲ ಕಳೆದಂತೆ ಮಾಸುತ್ತದೆ, ಸಿಕ್ಕ ದಿನವೇ ಫೋಟೊ ತೆಗೆದಿಡುವುದು ಒಳ್ಳೆಯದು. ಎಕೋ ವರದಿ, ಹಿಂದಿನ ಹೃದಯ ಶಸ್ತ್ರಚಿಕಿತ್ಸೆಯ ಕಾಗದ, ಪೇಸ್‌ಮೇಕರ್ ಅಥವಾ ಅಪಾಯದ ಬಡಿತ ಕಂಡರೆ ಶಾಕ್ ಕೊಡುವ ಐಸಿಡಿ ಇದ್ದರೆ ಅದರ ಕಾರ್ಡ್ ಬೇಕು. ಅಬ್ಲೇಶನ್ ನಡೆಯುವಾಗ ಐಸಿಡಿ ಅದನ್ನು ಅಪಾಯದ ಬಡಿತವೆಂದು ಭಾವಿಸಿ ಶಾಕ್ ಕೊಡದಂತೆ ತಾತ್ಕಾಲಿಕವಾಗಿ ನಿಲ್ಲಿಸಿಟ್ಟು, ಕೊನೆಗೆ ಮತ್ತೆ ಚಾಲೂ ಮಾಡುತ್ತಾರೆ. ಕಾಲಿನ ಅಭಿಧಮನಿಯಲ್ಲಿ ಹಿಂದೆ ಹೆಪ್ಪುಗಟ್ಟಿತ್ತೇ, ಹೊಟ್ಟೆಯ ದೊಡ್ಡ ಅಭಿಧಮನಿಯಲ್ಲಿ ಫಿಲ್ಟರ್ ಇದೆಯೇ ಎಂಬುದು ಬಹಳ ಮುಖ್ಯ. ಇದ್ದರೆ ತೊಡೆಸಂದಿನ ದಾರಿಯೇ ಸಿಗದಿರಬಹುದು. ಮೀನಿನ ಅಲರ್ಜಿ ಇದ್ದರೂ ಹೇಳಿ. ಕೊನೆಯಲ್ಲಿ ಹೆಪರಿನ್‌ನ ಪರಿಣಾಮ ಇಳಿಸಲು ಕೊಡುವ ಪ್ರೊಟಮಿನ್ ತಯಾರಾದದ್ದು ಮೀನಿನಿಂದ, ಅಂಥವರಿಗೆ ಅದು ಒಗ್ಗದಿರುವ ಸಾಧ್ಯತೆ ಇದೆ. ಗೊರಕೆ, ನಿದ್ದೆಯಲ್ಲಿ ಉಸಿರು ನಿಲ್ಲುವ ತೊಂದರೆ ಇದ್ದು ಯಂತ್ರ ಬಳಸುತ್ತಿದ್ದರೆ ಅದನ್ನೂ ತನ್ನಿ.

ಮೇಜಿನ ಮೇಲೆ

ಕೋಣೆ ತಣ್ಣಗಿರುತ್ತದೆ. ಎದೆ, ಬೆನ್ನಿಗೆಲ್ಲ ಅಂಟುಪಟ್ಟಿ ಹಚ್ಚುವಾಗ ಮೈ ನಡುಗಿದರೆ ಹೊದಿಕೆ ಕೇಳಿ, ನಡುಕ ಸಂಕೇತಗಳಲ್ಲೂ ಸೇರಿಕೊಳ್ಳುತ್ತದೆ. ತೊಡೆಸಂದಿಗೆ ಮರಗಟ್ಟಿಸುವ ಇಂಜೆಕ್ಷನ್ ಕೊಡುವಾಗ ಕೆಲವು ಸೆಕೆಂಡ್ ಉರಿ, ಆಮೇಲೆ ಒತ್ತಡ ಮಾತ್ರ. ಕ್ಯಾಥೆಟರ್ ರಕ್ತನಾಳದೊಳಗೆ ಸರಿಯುವುದು ಸಾಮಾನ್ಯವಾಗಿ ಗೊತ್ತಾಗುವುದಿಲ್ಲ.

ಪೂರ್ತಿ ನಿದ್ದೆ ಬರಿಸಿ ಎಂದು ಬೇಡುವವರಿದ್ದಾರೆ. ಆ ಭಯ ನಿಜವಾದದ್ದು, ಆದರೆ ಆಳವಾದ ಮಂಪರಿನಲ್ಲಿ ಕೆಲವು ಬಡಿತಗಳು ಏನು ಮಾಡಿದರೂ ಏಳುವುದಿಲ್ಲ. ಅದಕ್ಕೇ ಎಷ್ಟೋ ಸಲ ಹಗುರ ಮಂಪರಿನಲ್ಲೇ ಶುರು ಮಾಡುತ್ತಾರೆ. ಏಟ್ರಿಯಲ್ ಫಿಬ್ರಿಲೇಶನ್‌ಗೆ ಪೂರ್ಣ ಅರಿವಳಿಕೆ ಕೊಡುವುದು ಸಾಮಾನ್ಯ, ಅಲ್ಲಿ ರೋಗಿ ಅಲುಗದಿರುವುದು ಮುಖ್ಯ. ಎಚ್ಚರವಿದ್ದವರಿಗೆ ಬಡಿತ ಕೊಡುವಾಗ ಎದೆ ಡವಗುಟ್ಟುವುದು ತಿಳಿಯುತ್ತದೆ. ಆಗಲೂ ಬಡಿತ ಏಳದಿದ್ದರೆ ಬಡಿತವನ್ನು ಚುರುಕುಗೊಳಿಸುವ ಐಸೊಪ್ರೆನಲಿನ್ ಔಷಧಿ ಹನಿಸುತ್ತಾರೆ, ಮೆಟ್ಟಿಲು ಓಡಿ ಹತ್ತಿದಂತೆ ಎದೆ ಹೊಡೆದುಕೊಳ್ಳುತ್ತದೆ. ನಿಮ್ಮ ಎಂದಿನ ಬಡಿತ ಬಂದ ಕ್ಷಣ ‘ಇದೇ ಅದು’ ಎಂದು ಹೇಳಿ. ಕೆರಳಿಸಿದಾಗ ಬೇರೆ ಬಡಿತಗಳೂ ಏಳಬಹುದು. ಅವುಗಳಲ್ಲಿ ನಿಮ್ಮನ್ನು ಕಾಡುತ್ತಿರುವುದು ಯಾವುದೆಂದು ತಿಳಿಯಲು ನಿಮ್ಮ ಮಾತೂ ಒಂದು ಸುಳಿವು.

ಜಾಗ ಸಿಕ್ಕಿದ ಮೇಲೆ ಅಬ್ಲೇಶನ್. ರೇಡಿಯೊ ತರಂಗದಿಂದ ತುದಿಯ ಸುತ್ತಲಿನ ಅಂಗಾಂಶವನ್ನು 50 ಡಿಗ್ರಿ ಸೆಲ್ಸಿಯಸ್ ದಾಟಿಸಿದರೆ ಆ ಕೆಲವೇ ಮಿಲಿಮೀಟರ್ ಜಾಗ ಶಾಶ್ವತವಾಗಿ ಸಂಕೇತ ಒಯ್ಯದಂತಾಗುತ್ತದೆ. ಎದೆಯಲ್ಲಿ ಉರಿ, ಒತ್ತು ಅನಿಸಬಹುದು. ಕದಲಬೇಡಿ, ಬಾಯಿಬಿಟ್ಟು ಹೇಳಿ, ಪ್ರಮಾಣ ಇಳಿಸುತ್ತಾರೆ ಇಲ್ಲವೇ ನೋವಿನ ಔಷಧಿ ಸೇರಿಸುತ್ತಾರೆ. ಕ್ರಯೋ ವಿಧಾನದಲ್ಲಿ ಸುಡುವ ಬದಲು ಅತಿ ತಂಪಿನಿಂದ ಘನೀಕರಿಸುತ್ತಾರೆ. ಎವಿ ನೋಡ್‌ನ ಪಕ್ಕದಲ್ಲಿ ಇದಕ್ಕೊಂದು ಅನುಕೂಲವಿದೆ: ಮೊದಲು ಸೊನ್ನೆಗಿಂತ ಸುಮಾರು 30 ಡಿಗ್ರಿ ಕೆಳಗೆ ತಂಪಿಸಿ ನೋಡಿ, ಸಹಜ ದಾರಿಗೆ ಪೆಟ್ಟು ಬೀಳುವಂತಿದ್ದರೆ ಬಿಟ್ಟುಬಿಡಬಹುದು, ಅಂಗಾಂಶ ಚೇತರಿಸಿಕೊಳ್ಳುತ್ತದೆ. ಈಚೆಗೆ ಫಿಬ್ರಿಲೇಶನ್‌ಗೆ ಪಲ್ಸ್ಡ್ ಫೀಲ್ಡ್ ವಿಧಾನ ಬಂದಿದೆ. ಮೈಕ್ರೊಸೆಕೆಂಡ್‌ಗಳಷ್ಟು ಕಿರಿದಾದ ಅಧಿಕ ವೋಲ್ಟೇಜಿನ ವಿದ್ಯುತ್ತು ಹೃದಯದ ಜೀವಕೋಶಗಳ ಪೊರೆಯನ್ನು ತೂತು ಮಾಡುತ್ತದೆ, ಹಿಂದಿರುವ ಅನ್ನನಾಳಕ್ಕೆ ತಾಗುವ ಅಪಾಯ ಕಡಿಮೆ. ಕೆಲಸ ಮುಗಿದ ಮೇಲೂ ಸಾಮಾನ್ಯವಾಗಿ 20ರಿಂದ 30 ನಿಮಿಷ ಕಾದು ಮತ್ತೆ ಕೆರಳಿಸಿ ನೋಡುತ್ತಾರೆ. ಊತದಿಂದ ತಾತ್ಕಾಲಿಕವಾಗಿ ಮುಚ್ಚಿದ ದಾರಿ ಅಷ್ಟರಲ್ಲಿ ಮರಳಿ ತೆರೆದುಕೊಳ್ಳುವುದುಂಟು. ಸರಳ ಪರೀಕ್ಷೆಗೆ ಸುಮಾರು ಒಂದು ಗಂಟೆ, ಅಬ್ಲೇಶನ್ ಸೇರಿದರೆ ಎರಡರಿಂದ ನಾಲ್ಕು ಗಂಟೆ ಹಿಡಿಯಬಹುದು.

ಏನು ತಪ್ಪಬಹುದು

ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ಇದನ್ನು ಕೂತು ಕೇಳಿ. ಹೆಚ್ಚಾಗಿ ಆಗುವುದು ತೊಡೆಸಂದಿನ ತೊಂದರೆ: ಕಂದುಗಟ್ಟುವುದು, ಗಂಟು, ಅಪರೂಪಕ್ಕೆ ರಕ್ತನಾಳದ ಗೋಡೆ ಉಬ್ಬುವುದು. ಎವಿಎನ್ಆರ್‌ಟಿಯಲ್ಲಿ ನಿಷ್ಕ್ರಿಯಗೊಳಿಸಬೇಕಾದ ನಿಧಾನದ ದಾರಿ ಸಹಜ ದಾರಿಯ ಪಕ್ಕದಲ್ಲೇ ಇರುವುದರಿಂದ, ನೂರರಲ್ಲಿ ಒಬ್ಬರಿಗಿಂತ ಕಡಿಮೆ ಮಂದಿಗೆ ಸಹಜ ದಾರಿಯೂ ಕೆಟ್ಟು ಪೇಸ್‌ಮೇಕರ್ ಬೇಕಾಗಬಹುದು. ಹೃದಯದ ಗೋಡೆಯಲ್ಲಿ ರಂಧ್ರವಾಗಿ ಸುತ್ತಲಿನ ಚೀಲದಲ್ಲಿ ರಕ್ತ ತುಂಬುವುದು ಫಿಬ್ರಿಲೇಶನ್ ಅಬ್ಲೇಶನ್‌ನಲ್ಲಿ ಸುಮಾರು ನೂರಕ್ಕೆ ಒಂದು. ಅದನ್ನು ಸೂಜಿಯಿಂದ ತಕ್ಷಣ ಹೊರತೆಗೆಯುವ ವ್ಯವಸ್ಥೆ ಕೋಣೆಯಲ್ಲೇ ಇರಬೇಕು. ಎಡಭಾಗದ ಅಬ್ಲೇಶನ್‌ನಲ್ಲಿ ಪಾರ್ಶ್ವವಾಯುವಿನ ಸಣ್ಣ ಅಪಾಯ ಇದ್ದೇ ಇದೆ. ಕೆಲವೊಮ್ಮೆ ಬಡಿತ ಏಳುವುದೇ ಇಲ್ಲ. ಅದು ಯಾರ ತಪ್ಪೂ ಅಲ್ಲ, ಅಂಥ ಸಂದರ್ಭದಲ್ಲಿ ಏನು ಮಾಡುತ್ತಾರೆಂದು ಮುಂಚೆಯೇ ಕೇಳಿಟ್ಟುಕೊಂಡರೆ ಒಳ್ಳೆಯದು.

ಫಲಿತಾಂಶದ ನಿರೀಕ್ಷೆಯೂ ಕಾಯಿಲೆಗೆ ತಕ್ಕಂತಿರಲಿ. ಎವಿಎನ್ಆರ್‌ಟಿ, ಡಬ್ಲ್ಯುಪಿಡಬ್ಲ್ಯು, ಸಾಮಾನ್ಯ ಫ್ಲಟರ್‌ಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿಗೆ ಒಂದೇ ಸಲಕ್ಕೆ ಯಶಸ್ಸು. ಫಿಬ್ರಿಲೇಶನ್‌ನಲ್ಲಿ ಅಷ್ಟಿಲ್ಲ, ಎರಡನೆಯ ಸಲ ಬೇಕಾಗುವವರು ಗಣನೀಯ ಸಂಖ್ಯೆಯಲ್ಲಿದ್ದಾರೆ.

ಮುಗಿದ ಮೇಲೆ

ಅಂಗಾತ ಮಲಗಿ, ಚುಚ್ಚಿದ ಕಾಲನ್ನು ನೇರವಾಗಿಟ್ಟು ಎರಡರಿಂದ ಆರು ಗಂಟೆ ಇರಬೇಕು. ತಲೆ ಎತ್ತಿ ನೋಡುವುದೂ ಹೊಟ್ಟೆಯ ಸ್ನಾಯು ಬಿಗಿದು ತೊಡೆಸಂದಿನ ಮೇಲೆ ಒತ್ತಡ ಹಾಕುತ್ತದೆ. ಕೆಮ್ಮು, ಸೀನು ಬಂದರೆ ಪಟ್ಟಿಯ ಮೇಲೆ ಅಂಗೈ ಒತ್ತಿ ಹಿಡಿಯಿರಿ. ಮನೆಯಲ್ಲಿ ರಕ್ತ ಒಸರಿದರೆ ಮಲಗಿ, ಇನ್ನೊಬ್ಬರಿಂದ ಹತ್ತು ನಿಮಿಷ ಬಿಡದೆ ಒತ್ತಿಸಿ. ನಿಲ್ಲದಿದ್ದರೆ, ಗಂಟು ದೊಡ್ಡದಾಗುತ್ತಿದ್ದರೆ, ಕಾಲು ತಣ್ಣಗಾಗಿ ಮರಗಟ್ಟಿದರೆ ಒತ್ತುತ್ತಲೇ ಆಂಬುಲೆನ್ಸ್ ಕರೆಯಿರಿ. ಒಂದು ವಾರ ಭಾರ ಎತ್ತುವುದು, ಕುಕ್ಕರುಗಾಲಲ್ಲಿ ಕೂರುವುದು, ತೊಟ್ಟಿಯಲ್ಲಿ ಮುಳುಗುವ ಸ್ನಾನ ಬೇಡ. ಮೈಮೇಲೆ ನೀರು ಸುರಿದುಕೊಳ್ಳುವುದು ಮರುದಿನದಿಂದ ಸಾಮಾನ್ಯವಾಗಿ ಆಗಬಹುದು. ವಾಹನ ಯಾವಾಗ ಓಡಿಸಬಹುದೆಂಬುದು ನಿಮ್ಮ ಕಾಯಿಲೆಯ ಮೇಲೆ ನಿಂತಿದೆ, ಕೇಳಿಯೇ ಶುರು ಮಾಡಿ.

ಕೆಲವು ವಾರ ಬಡಿತ ತಪ್ಪಿದಂತೆ, ಇನ್ನೇನು ಓಟ ಶುರುವಾಯಿತು ಎನ್ನುವಾಗ ನಿಂತಂತೆ ಅನಿಸುತ್ತದೆ. ಹಳೆಯ ಕಿಡಿ ಬಂದರೂ ಸುತ್ತಲು ದಾರಿಯಿಲ್ಲದೆ ಆರಿಹೋಗುವುದು ಅದು. ಫಿಬ್ರಿಲೇಶನ್ ಅಬ್ಲೇಶನ್ ಆದವರಿಗೆ ಮೊದಲ ಎರಡು ಮೂರು ತಿಂಗಳಲ್ಲಿ ಕಾಯಿಲೆ ಇಣುಕಿದರೂ ಅದನ್ನು ಸೋಲು ಎಂದು ಎಣಿಸುವುದಿಲ್ಲ, ಗಾಯ ಇನ್ನೂ ಮಾಗುತ್ತಿರುತ್ತದೆ. ಅವರು ಮರೆಯಬಾರದ ಒಂದು ಎಚ್ಚರಿಕೆ ಇದೆ. ಎರಡು ತಿಂಗಳ ಒಳಗೆ ಜ್ವರ, ನುಂಗುವಾಗ ನೋವು, ರಕ್ತವಾಂತಿ, ಮಾತು ತೊದಲುವುದು, ಕೈಕಾಲು ಸೋಲುವುದು ಕಂಡರೆ ಅನ್ನನಾಳ ಮತ್ತು ಹೃದಯದ ನಡುವೆ ರಂಧ್ರವಾಗಿರುವ ಸಾಧ್ಯತೆ ಇದೆ. ಬಹಳ ಅಪರೂಪ, ಆದರೆ ಪ್ರಾಣಾಂತಿಕ. ಅಬ್ಲೇಶನ್ ಆಗಿದೆ ಎಂದು ಮೊದಲ ಮಾತಿನಲ್ಲೇ ಹೇಳಿ, ಎದೆಯ ಸಿಟಿ ಸ್ಕ್ಯಾನ್ ಕೇಳಿ. ಗಾಳಿ ಊದುವ ಎಂಡೊಸ್ಕೋಪಿ ಆಗ ಮಾಡಿಸಬಾರದು, ಆ ಗಾಳಿ ರಂಧ್ರದ ಮೂಲಕ ಹೃದಯಕ್ಕೆ, ಅಲ್ಲಿಂದ ಮೆದುಳಿಗೆ ಹೋಗುತ್ತದೆ.

ರಕ್ತ ತೆಳುವಾಗಿಸುವ ಮಾತ್ರೆಯನ್ನು ಫಿಬ್ರಿಲೇಶನ್ ಅಬ್ಲೇಶನ್ ನಂತರ ಕನಿಷ್ಠ ಎರಡು ತಿಂಗಳು ಎಲ್ಲರೂ ಮುಂದುವರಿಸಬೇಕು. ಸುಟ್ಟ ಒಳಗೋಡೆಯ ಮೇಲೆ ಹೆಪ್ಪು ಕೂರುವ ಕಾಲ ಅದೇ. ಆಮೇಲೆ ಬೇಕೋ ಬೇಡವೋ ಎಂಬುದನ್ನು ವಯಸ್ಸು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹಿಂದೆ ಪಾರ್ಶ್ವವಾಯು ಆಗಿತ್ತೇ ಎಂಬುದರ ಮೇಲೆ ನಿರ್ಧರಿಸುತ್ತಾರೆ. ಎದೆ ಶಾಂತವಾಗಿದೆ ಎಂಬುದು ಆ ಲೆಕ್ಕಕ್ಕೆ ಸೇರುವುದಿಲ್ಲ, ಏಕೆಂದರೆ ಫಿಬ್ರಿಲೇಶನ್ ಎಷ್ಟೋ ಸಲ ರೋಗಿಗೆ ಗೊತ್ತೇ ಆಗದಂತೆ ಬಂದುಹೋಗುತ್ತದೆ.